ಗೊತ್ತಿದ್ದೂ ಹೇಳದವರು

ಹಿಂದೂಪುರದಲ್ಲಿ ಕೂತು ಮನೆತನಗಳ ವೈರದ ಬಗ್ಗೆ ಎರಡು ಮಾತು ಬರೆಯೋಣ ಅಂತ ಹೊರಟರೆ ಮೊದಲು ಎದುರು ಬಂದು ನಿಲ್ಲುವವರು ನಮ್ಮ ಶಾಸಕರೇ. 2014ರಿಂದ ಈ ಊರು ಬಿಡದೆ ಗೆಲ್ಲಿಸುತ್ತಿರುವ ನಂದಮೂರಿ ಬಾಲಕೃಷ್ಣ, ಅದಕ್ಕೂ ಎಷ್ಟೋ ಮೊದಲು, 1999ರಲ್ಲಿ ‘ಸಮರಸಿಂಹಾ ರೆಡ್ಡಿ’ಯಾಗಿ, 2001ರಲ್ಲಿ ‘ನರಸಿಂಹ ನಾಯುಡು’ ಆಗಿ, ರಾಯಲಸೀಮೆಯ ವೈರಗಳನ್ನೆಲ್ಲ ತೆರೆಯ ಮೇಲೆ ಒಬ್ಬರೇ ಇತ್ಯರ್ಥ ಮಾಡಿದವರು. ಅವರ ತಂದೆ ಎನ್‌.ಟಿ. ರಾಮರಾವ್ 1985ರಲ್ಲಿ ಇದೇ ಕ್ಷೇತ್ರದಿಂದ ಗೆದ್ದಾಗ ಊರಿಗೆ ಸಿಕ್ಕಿದ್ದು ಕೃಷ್ಣ, ರಾಮ, ದುರ್ಯೋಧನ ಮೂವರೂ ಒಬ್ಬರಲ್ಲೇ ಇದ್ದ ನಾಯಕ. ಮಗನ ಕಾಲಕ್ಕೆ ಪುರಾಣ ಹೋಗಿ ಸುಮೋ ಗಾಡಿ ಬಂತು, ಗದೆ ಹೋಗಿ ಕುಡುಗೋಲು ಬಂತು. ಬೆಲ್ಲ, ಹುಣಸೆಹಣ್ಣು, ಒಣಮೆಣಸಿನಕಾಯಿ, ರೇಷ್ಮೆಗೂಡು ಮಾರಿಕೊಂಡು ತಮ್ಮ ಪಾಡಿಗೆ ಇರುವ ಹಿಂದೂಪುರದವರಿಗೆ ಹೊರಗೆ ಎಲ್ಲಿ ಹೋದರೂ ಈ ಸಿನಿಮಾಗಳಿಂದಾಗಿ ಒಂದಿಷ್ಟು ಭಯಮಿಶ್ರಿತ ಗೌರವ ಸಿಗುತ್ತದೆ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ‘ಅನಂತಪುರದ ಕಡೆಯವರು’ ಅಂದರೆ ಮನೆ ಮಾಲೀಕರು ಅಡ್ವಾನ್ಸ್ ವಿಷಯವನ್ನು ಸ್ವಲ್ಪ ಮೆತ್ತಗೆ ಮಾತಾಡುವುದನ್ನು ನಾನೇ ಕಂಡಿದ್ದೇನೆ.

ಆ ಸಿನಿಮಾಗಳಲ್ಲಿ ನನಗಿರುವ ತಕರಾರು ರಕ್ತದ್ದಲ್ಲ. ಅಲ್ಲಿ ಎಲ್ಲರಿಗೂ ಎಲ್ಲ ಗೊತ್ತಿರುತ್ತದೆ, ಅದು. ಯಾರು ಯಾರನ್ನು ಕೊಂದರು, ಯಾಕೆ ಕೊಂದರು, ಮುಂದೆ ಯಾರ ಸರದಿ, ಇಂಟರ್‌ವಲ್‌ಗೆ ಮೊದಲೇ ಕುರ್ಚಿಯ ಮೇಲೆ ಕೂತ ದೊಡ್ಡವರು ಗಟ್ಟಿಯಾಗಿ ಹೇಳಿಬಿಡುತ್ತಾರೆ. ನಿಜವಾದ ಮನೆಗಳಲ್ಲಿ ಹೀಗಿರುವುದಿಲ್ಲ. ಒಬ್ಬರಿಗೆ ಅರ್ಧ ಗೊತ್ತಿರುತ್ತದೆ. ಇನ್ನೊಬ್ಬರಿಗೆ ಪೂರ್ತಿ ಗೊತ್ತಿದ್ದೂ ಬಾಯಿ ಬಿಡುವುದಿಲ್ಲ. ಮಕ್ಕಳಿಗೆ, ಯಾಕೆ ಆ ಮನೆಯ ಹಬ್ಬಕ್ಕೆ ನಾವು ಹೋಗುವುದಿಲ್ಲ ಅನ್ನುವುದು ಗೊತ್ತಾಗುವ ಹೊತ್ತಿಗೆ ಅವರ ಮಕ್ಕಳು ಅದೇ ಪ್ರಶ್ನೆ ಕೇಳುವಷ್ಟು ದೊಡ್ಡವರಾಗಿರುತ್ತಾರೆ. ಮನೆತನಗಳ ನಡುವೆ ಜಾತಿಯೋ ಕೊಲೆಯೋ ಬಂದು ನಿಂತ ಕಥೆಗಳನ್ನು ಓದುವಾಗ ನಾನು ಕಣ್ಣಿಟ್ಟು ಹುಡುಕುವುದು ಕೊಂದವನನ್ನೂ ಅಲ್ಲ, ಸತ್ತವನನ್ನೂ ಅಲ್ಲ. ಈ ಬಾಯಿ ಬಿಡದವರನ್ನು.

ಈ ಚಾಳಿ ನನಗೆ ಅಂಟಿದ್ದು ಸೋದರತ್ತೆಯಿಂದ. ಹಿಂದೂಪುರದಲ್ಲಿ ಹುಟ್ಟಿ ಕಲ್ಯಾಣದುರ್ಗಕ್ಕೆ ಸೊಸೆಯಾಗಿ ಹೋದವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತೆಲುಗು. ತರಕಾರಿಯವನ ಹತ್ತಿರ ಚೌಕಾಸಿ ತೆಲುಗಿನಲ್ಲಿ, ಅವನು ಹೋದ ಮೇಲೆ ಬೈಗುಳ ಕನ್ನಡದಲ್ಲಿ. ಅತ್ತೆ ಕಾದಂಬರಿ ಓದುವುದು ನೆಂಟರ ಮನೆಯ ಸುದ್ದಿ ಕೇಳುವ ಹಾಗೆ. ಪಾತ್ರ ಚೆನ್ನಾಗಿ ಮೂಡಿದೆ, ಮೂಡಿಲ್ಲ ಅನ್ನುವ ಮಾತೇ ಅವರ ಬಾಯಲ್ಲಿ ಬರುವುದಿಲ್ಲ. ‘ಅವಳು ಸರಿಯಿಲ್ಲ ಕಣೋ, ಮನೆಗೆ ಸೇರಿಸೋ ಹಾಗಿಲ್ಲ’ ಅಂತಲೋ, ‘ಪಾಪ, ಅವನಿಗೆ ಯಾರಾದರೂ ಒಂದು ತುತ್ತು ಬಡಿಸಬೇಕಿತ್ತು’ ಅಂತಲೋ ನೇರ ತೀರ್ಪು. ಮಾವ ಇದ್ದಾಗ ಅವರು ಬೆಂಗಳೂರಿಗೆ ಹೋದಾಗಲೆಲ್ಲ ಒಂದೆರಡು ಪುಸ್ತಕ ತರುವುದು ಕಡ್ಡಾಯ. ಕಡಲೆಕಾಯಿ ಮಾರಿದ ದುಡ್ಡಿನಲ್ಲಿ ಬಂದ ಆ ಪುಸ್ತಕಗಳ ರಟ್ಟಿನ ಮೇಲೆ ಕಡಲೆ ಎಣ್ಣೆಯ ಬೆರಳಚ್ಚುಗಳು ಈಗಲೂ ಇವೆ.

ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಪೆನುಕೊಂಡದ ಕಡೆಯಿಂದ ಹೋಗಬಹುದು. ನನಗಿಷ್ಟ ಮಡಕಶಿರಾ, ಪಾವಗಡದ ದಾರಿ. ಬಸ್ಸು ಬದಲಿಸಬೇಕು, ಹೊತ್ತು ಹೋಗುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ, ಆದರೂ ಅದೇ ದಾರಿ. ಆಂಧ್ರದಲ್ಲಿ ಹತ್ತಿ, ಕರ್ನಾಟಕದಲ್ಲಿ ಕಾಫಿ ಕುಡಿದು, ಮತ್ತೆ ಆಂಧ್ರದಲ್ಲಿ ಇಳಿಯುವ ಸುಖ ಬೇರೆ ಯಾವ ದಾರಿಯಲ್ಲಿದೆ? ತುಮಕೂರು ಜಿಲ್ಲೆಯ ಪಾವಗಡ ತಾಲೂಕಿಗೆ ಬಹುಪಾಲು ಎಲ್ಲ ಕಡೆಯಿಂದ ಆಂಧ್ರವೇ ಸುತ್ತಿಕೊಂಡಿದೆ. ಅಲ್ಲಿನ ಹಳ್ಳಿಗಳಲ್ಲಿ ತೆಲುಗು ಧಾರಾಳ, ಇತ್ತ ಆಂಧ್ರದ ಮಡಕಶಿರಾ, ರೊಳ್ಳ, ಅಮರಾಪುರಂ ಕಡೆ ಕನ್ನಡ ಧಾರಾಳ. ಗೆರೆ ಎಳೆದವರಿಗೆ ಇವರ ಮನೆಮಾತು ಕೇಳಿಸಿತೋ ಇಲ್ಲವೋ. ಅಮರಾಪುರಂ ಪಕ್ಕದ ಹೇಮಾವತಿ ಒಂದು ಕಾಲಕ್ಕೆ ಹೆಂಜೇರು ಅನ್ನಿಸಿಕೊಂಡು ನೊಳಂಬರ ರಾಜಧಾನಿಯಾಗಿತ್ತು. ಈಗ ಅದು ಬಸ್ಸು ಬಂದಾಗ ನಾಯಿಗಳು ಏಳುವ ಊರು. ಪೆನ್ನಾರ್ ನದಿಯೂ ಇದೇ ಆಟ ಆಡುತ್ತದೆ. ನಂದಿಬೆಟ್ಟದಲ್ಲಿ ಹುಟ್ಟಿ, ಗೌರಿಬಿದನೂರು ದಾಟಿ, ಹಿಂದೂಪುರದ ಬದಿಯಲ್ಲಿ ಆಂಧ್ರಕ್ಕೆ ಬಂದು, ನಾಗಲಮಡಿಕೆಯಲ್ಲಿ ಮತ್ತೆ ಕರ್ನಾಟಕದ ಮುಖ ನೋಡಿ, ಆಮೇಲೆ ಪೂರ್ತಿ ಆ ಕಡೆ ಹೋಗುತ್ತದೆ. ನೀರಿರುವ ವರ್ಷಗಳಲ್ಲಿ, ಅನ್ನಿ. ಉಳಿದ ವರ್ಷಗಳಲ್ಲಿ ಹೋಗುವುದು ಬರೀ ಮರಳು, ಅದೂ ಲಾರಿಯಲ್ಲಿ.

2022ರ ಏಪ್ರಿಲ್‌ನಲ್ಲಿ ಅನಂತಪುರ ಜಿಲ್ಲೆಯನ್ನೇ ಎರಡು ಮಾಡಿದರು. ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ‘ನನ್ನ ತವರನ್ನೂ ಗಂಡನ ಮನೇನೂ ಬೇರೆ ಬೇರೆ ಕಲೆಕ್ಟರ್ ಕೈಗೆ ಕೊಟ್ಟರಲ್ಲಪ್ಪಾ’ ಅಂತ ಅತ್ತೆ ನಕ್ಕಿದ್ದರು. 1882ರಲ್ಲಿ ಬಳ್ಳಾರಿಯಿಂದ ಅನಂತಪುರವನ್ನು ಬೇರೆ ಮಾಡಿದಾಗ ಅವರ ಮುತ್ತಜ್ಜಿಯೋ ಯಾರೋ ಹೀಗೇ ನಕ್ಕಿರಬೇಕು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿ, ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಬಂದಾಗ ನಕ್ಕವರು ಕಡಿಮೆ. ಆದರೂ ಇಂಥ ಗೆರೆಗಳು ಮನೆಯನ್ನು ಅಷ್ಟಾಗಿ ಒಡೆಯುವುದಿಲ್ಲ. ಹೆಣ್ಣು ಕೊಟ್ಟು ತರುವುದು ನಿಂತಿಲ್ಲ. ಮದುವೆ ಮಂಟಪದಲ್ಲಿ ಗಂಡಿನ ಕಡೆಯವರು ಒಂದು ಭಾಷೆಯಲ್ಲಿ, ಹೆಣ್ಣಿನ ಕಡೆಯವರು ಇನ್ನೊಂದರಲ್ಲಿ ಊಟದ ತಪ್ಪು ಹುಡುಕುತ್ತಾರೆ, ಅಷ್ಟೇ ವ್ಯತ್ಯಾಸ. ಮನೆ ಒಡೆಯುವ ಗೆರೆ ಬೇರೆ. ಅದನ್ನು ಬಸ್ಸಿನಲ್ಲಿ ಪಕ್ಕ ಕೂತವರು ಮಡಕಶಿರಾ ದಾಟುವುದರೊಳಗೆ ಎಳೆದಿರುತ್ತಾರೆ. ಮೊದಲು ಯಾವೂರು ಅನ್ನುತ್ತಾರೆ, ಆಮೇಲೆ ಯಾರ ಮನೆ, ಕೊನೆಗೆ ಕಿಟಕಿಯಾಚೆ ನೋಡುತ್ತ, ಹವಾಮಾನ ಕೇಳುವ ದನಿಯಲ್ಲಿ, ‘ನೀವು ಯಾವ ಪೈಕಿ?’

ಎಸ್‌.ಎಲ್‌. ಭೈರಪ್ಪನವರ ‘ದಾಟು’ ಅತ್ತೆಯ ಮನೆಯಲ್ಲಿ ಎರಡು ಪ್ರತಿ ಇವೆ. ಒಂದು ಓದಲು, ಒಂದು ಕೊಡಲು. 1973ರ ಪುಸ್ತಕ, 1975ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ತಿರುಮಲಾಪುರದ ಅರ್ಚಕ ವೆಂಕಟರಮಣಯ್ಯನ ಮಗಳು ಸತ್ಯಭಾಮೆ, ಮಂತ್ರಿ ಮೇಲಗಿರಿಗೌಡನ ಮಗ ಶ್ರೀನಿವಾಸ, ದಲಿತ ಮುಖಂಡ ಬೆಟ್ಟಯ್ಯನ ಮಗ ಮೋಹನದಾಸ, ಮಗಳು ಮೀರಾ. ಮೂರು ಮನೆಗಳ ನಡುವೆ ಯಾರು ಯಾರನ್ನು ದಾಟಬೇಕು ಅನ್ನುವುದೇ ಕಥೆ. ನಾನು ಕಾಲೇಜಿನಲ್ಲಿದ್ದಾಗ ಸತ್ಯಭಾಮೆಗೆ ಮನಸೋತು ಅತ್ತೆಯ ಮುಂದೆ ಒಂದು ಭಾಷಣ ಬಿಗಿದಿದ್ದೆ. ಎಲ್ಲ ಕೇಳಿಸಿಕೊಂಡು ಅತ್ತೆ, ‘ಓದಿದ ಹುಡುಗಿ, ಧೈರ್ಯವಂತೆ, ಒಪ್ಪಿದೆ. ಆದರೆ ಒಂದು ಸಲವಾದರೂ ಸುಮ್ಮನೆ ಕೂರ್ತಾಳಾ? ಅವಳ ಜೊತೆ ಒಂದು ಮಧ್ಯಾಹ್ನ ಕಳೆಯೋದು ಕಷ್ಟ’ ಅಂದರು. ಶ್ರೀನಿವಾಸನ ವಿಷಯದಲ್ಲಿ ಅವರದು ಖಂಡತುಂಡ ಮಾತು. ಒಬ್ಬಳನ್ನು ಮದುವೆಯಾಗುತ್ತೇನೆಂದು ಹೇಳಿ ಮನೆಯವರು ತೋರಿಸಿದ ಹೆಣ್ಣಿಗೆ ತಾಳಿ ಕಟ್ಟಿದ, ಆಮೇಲೆ ಮೀರಾಳ ವಿಷಯದಲ್ಲೂ ಕೊನೆಗೆ ಕಾಲು ಹಿಂದೆಗೆದ. ಅಂಥವನಿಗೆ ಅತ್ತೆಯ ಮನೆಯಲ್ಲಿ ನೀರೂ ಇಲ್ಲ.

ಅವರ ಮನಸ್ಸು ನಿಂತದ್ದು ಮಾತಂಗಿಯ ಮೇಲೆ. ಹರೆಯದಲ್ಲಿ ಅರ್ಚಕನಿಗೆ ಸಂಬಂಧವಿದ್ದ ಹೊಲಗೇರಿಯ ಹೆಣ್ಣು. ಮಗಳ ಜಾತಿಮೀರಿದ ಮದುವೆಗೆ ಸಿಡಿದೇಳುವ ಅಪ್ಪನ ಹಿಂದೆ ಈ ಹಳೆಯ ಗುಟ್ಟು ಕೂತಿದೆ. ಭೈರಪ್ಪನವರು ಆ ಗುಟ್ಟು ಅರ್ಚಕನನ್ನು ಹೇಗೆ ಅರೆಯುತ್ತದೆ ಅನ್ನುವುದನ್ನು ಬಿಡಿಸಿ ಬಿಡಿಸಿ ಬರೆದಿದ್ದಾರೆ, ಅದು ಕಾದಂಬರಿಯ ಅತ್ಯುತ್ತಮ ಭಾಗ ಅಂತ ನನಗೆ ಈಗಲೂ ಅನ್ನಿಸುತ್ತದೆ. ಸತ್ಯಭಾಮೆ ವಾದ ಮಾಡಿದರೆ ವೆಂಕಟರಮಣಯ್ಯ ನರಳುತ್ತಾನೆ, ನರಳುವವನೇ ಹೆಚ್ಚು ದಿನ ನೆನಪಿರುತ್ತಾನೆ. ಅತ್ತೆ ಮಾತ್ರ ಬೇರೆಯದನ್ನೇ ಕೇಳುತ್ತಾರೆ: ‘ಅವನು ಗುಡಿಯೊಳಗೆ ಹೋಗಿ ಬಾಗಿಲು ಹಾಕಿಕೊಂಡ. ಇವಳು ಬೆಳಗೆದ್ದು ಅದೇ ಗುಡಿ ಮುಂದೆ ದೂರದಿಂದ ಹಾದು ಕೂಲಿಗೆ ಹೋಗಬೇಕಲ್ಲ, ಅವಳು ಯಾರ ಹತ್ತಿರ ಹೇಳಿಕೊಂಡಳು?’ ಪುಸ್ತಕದಲ್ಲಿ ಇದಕ್ಕೆ ಅತ್ತೆಗೆ ಸಮಾಧಾನವಾಗುವಷ್ಟು ಜಾಗವಿಲ್ಲ. ಜಾಗ ಸಾಲದ ಪಾತ್ರಗಳನ್ನು ಅತ್ತೆ ತಾವೇ ಮುಂದುವರಿಸುತ್ತಾರೆ, ಹಪ್ಪಳ ಲಟ್ಟಿಸುತ್ತ.

ಇದೇ ದೃಷ್ಟಿಯಿಂದ ಅವರು ಲೇಪಾಕ್ಷಿಯನ್ನೂ ನೋಡಿದವರು. ಹಿಂದೂಪುರದ ಮಗ್ಗುಲಲ್ಲೇ ಇರುವ ಆ ಗುಡಿಯಲ್ಲಿ ನೇತಾಡುವ ಕಂಬ, ದೊಡ್ಡ ಬಸವ, ಚಾವಣಿಯ ಚಿತ್ರಗಳು ಆದ ಮೇಲೆ ಗೈಡುಗಳು ಗೋಡೆಯ ಮೇಲಿನ ಕೆಂಪು ಕಲೆಗಳನ್ನು ತೋರಿಸುತ್ತಾರೆ. ಅಚ್ಯುತರಾಯನ ಕಾಲದಲ್ಲಿ ಭಂಡಾರದ ಹಣವನ್ನು ಗುಡಿಗೆ ಸುರಿದ ಆರೋಪ ಹೊತ್ತ ವಿರೂಪಣ್ಣ, ಅರಸನ ಶಿಕ್ಷೆಗೆ ಕಾಯದೆ ತಾನೇ ಕಣ್ಣು ಕಿತ್ತು ಗೋಡೆಗೆಸೆದನಂತೆ, ಆ ಕಲೆ ಇನ್ನೂ ಇದೆಯಂತೆ. ಐತಿಹ್ಯ. ಕಣ್ಣೆಸೆದ ಜಾಗ ಇದೆ, ಕಂಬ ಕಂಬಕ್ಕೂ ಕಥೆ ಇದೆ, ಅರ್ಧಕ್ಕೇ ನಿಂತ ಕಲ್ಯಾಣಮಂಟಪ ಇದೆ. ‘ಆ ಸಂಜೆ ಇವನನ್ನು ಕೈ ಹಿಡಿದು ಮನೆಗೆ ಕರೆದುಕೊಂಡು ಹೋದವರು ಯಾರು? ಅವನ ಹೆಂಡತಿ ಏನಂದಳು? ಅದು ಯಾರಾದರೂ ಹೇಳಿದರಾ?’ ಅಂತ ಅತ್ತೆ ಗೈಡನ್ನು ಕೇಳಿದ್ದಕ್ಕೆ ಅವನು ಮುಂದಿನ ತಂಡ ಕಾಯುತ್ತಿದೆ ಅಂದ.

ದೇವನೂರ ಮಹಾದೇವರ ‘ಕುಸುಮಬಾಲೆ’ಯನ್ನು ಕಲ್ಯಾಣದುರ್ಗಕ್ಕೆ ಒಯ್ದವನು ನಾನೇ. ನಂಜನಗೂಡು ಸೀಮೆಯ ಆ ಮಾತು ಅನಂತಪುರದ ಕನ್ನಡಕ್ಕೆ ದೂರದ ನೆಂಟ. ಅತ್ತೆ ಮೊದಲ ಪುಟಕ್ಕೇ ಕನ್ನಡಕ ತೆಗೆದಿಟ್ಟರು. ‘ನೀನೇ ಓದು, ಕಿವಿಯಲ್ಲಿ ಕೇಳಿದರೆ ಹತ್ತುತ್ತೇನೋ’ ಅಂದರು. ಹತ್ತಿತು. ಅದು ಕಿವಿಗೇ ಬರೆದ ಪುಸ್ತಕ ಅನ್ನುವುದು ನನಗೆ ತಿಳಿದದ್ದೂ ಅಂದೇ. ಅಲ್ಲಿ ಊರು ಮಲಗಿದ ಮೇಲೆ ಮನೆಮನೆಯ ಜೋತಮ್ಮಗಳು, ಅಂದರೆ ದೀಪಗಳು, ಒಂದೆಡೆ ಸೇರಿ ತಂತಮ್ಮ ಮನೆಯಲ್ಲಿ ಕಂಡದ್ದನ್ನು ಹೇಳಿಕೊಳ್ಳುತ್ತವೆ. ಮನುಷ್ಯರು ಬಾಯಿ ಬಿಡದ ಊರಿನಲ್ಲಿ ದೀಪಕ್ಕೆ, ಮಂಚಕ್ಕೆ ಮಾತು ಬರುತ್ತದೆ. ವಿಮರ್ಶಕರು ಇದಕ್ಕೆ ಲ್ಯಾಟಿನ್ ಅಮೆರಿಕದಿಂದ ಹೆಸರು ತಂದು ಇಟ್ಟಿದ್ದಾರೆ. ಅತ್ತೆಗೆ ಅದರಲ್ಲಿ ವಿಚಿತ್ರವೇ ಕಾಣಲಿಲ್ಲ. ರಾತ್ರಿಯೆಲ್ಲ ಎದ್ದಿರುವುದು ದೀಪ ತಾನೇ, ಅದಕ್ಕಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ?

ಕುಸುಮ ಮೇಲುಜಾತಿಯ ಸಿರಿವಂತ ಮನೆಯ ಹೆಣ್ಣು. ಚೆನ್ನ ದಲಿತರ ಓದಿದ ಹುಡುಗ. ಅವರ ಪ್ರೀತಿಗೆ ಕೂಸು ಹುಟ್ಟುತ್ತದೆ, ಚೆನ್ನ ಕೊಲೆಯಾಗುತ್ತಾನೆ, ಊರಿನ ಬಾಯಲ್ಲಿ ಮಾತ್ರ ಅವನು ಬೊಂಬಾಯಿಗೆ ಹೋಗಿದ್ದಾನೆ. ಈ ‘ಬೊಂಬಾಯಿಗೆ ಹೋಗಿದ್ದಾನೆ’ ಅನ್ನುವಲ್ಲಿ ನನ್ನ ಓದು ನಿಂತಿತು, ಅತ್ತೆ ಸೊಪ್ಪು ಸೋಸುವುದೂ ನಿಂತಿತು. ಕೊಲೆಯ ವರ್ಣನೆಗೆ ಹತ್ತು ಪುಟ ಹಿಡಿಸುವ ಕಾದಂಬರಿಕಾರರನ್ನು ಓದಿದ್ದೇನೆ. ಅವರ ಯಾವ ಮಚ್ಚೂ ಈ ಒಂದು ಸುಳ್ಳಿನಷ್ಟು ಹರಿತವಾಗಿಲ್ಲ. ಯಾಕೆಂದರೆ ಆ ಸುಳ್ಳಿನ ಜೊತೆ ದಿನವೂ ಬದುಕಬೇಕಾದವರು ಹೆತ್ತವರು. ಬೊಂಬಾಯಿಗೆ ಹೋದವನು ಕಾಗದ ಹಾಕಬಹುದು, ಹಬ್ಬಕ್ಕೆ ಬರಬಹುದು. ಅವನ ಪಾಲಿನ ಬಟ್ಟೆ ಮಡಿಸಿಡಬೇಕಾಗುತ್ತದೆ.

ಆ ಸಿರಿವಂತ ಮನೆಯ ಬುಡದಲ್ಲೇ ಇನ್ನೊಂದು ಗುಟ್ಟಿದೆ. ಹಿರಿಯಳಾದ ಅಕ್ಕಮಾದೇವಮ್ಮನ ಮಗ ಯಾಡ, ಅವನ ಹುಟ್ಟೇ ಜಾತಿಯ ಬೇಲಿ ಮೀರಿದ್ದು. ಬೇಲಿ ದಾಟಿ ಹುಟ್ಟಿದವನ ಸಂತತಿಯೇ ಮುಂದೆ ಬೇಲಿ ಕಾಯಲು ಕೊಲೆಯವರೆಗೆ ಹೋಗುತ್ತದೆ. ಭೈರಪ್ಪನವರಲ್ಲಿ ಅರ್ಚಕನನ್ನು ಒಳಗೇ ತಿನ್ನುವ ಗುಟ್ಟು ಇಲ್ಲಿ ಯಾರನ್ನೂ ತಿನ್ನುವುದಿಲ್ಲ, ಹಿಟ್ಟಿನಲ್ಲಿ ಬೆರೆತ ಉಪ್ಪಾಗಿ ಮನೆಯಲ್ಲಿ ಕರಗಿಹೋಗಿದೆ, ಅದೇ ಭಯಂಕರ. ಈ ಪುಸ್ತಕಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು ಅಂತ ಹೇಳಿದೆ. ಅತ್ತೆ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಿತ್ತಲ ಗೋಡೆಯ ಗೂಡಿನ ಕಡೆ ನೋಡುತ್ತಿದ್ದರು. ಅವರ ಅತ್ತೆಯ ಕಾಲದಲ್ಲಿ ಆ ಗೂಡಿನಲ್ಲಿ ಒಂದು ಅಲ್ಯೂಮಿನಿಯಂ ಲೋಟ ಇರುತ್ತಿತ್ತು, ಕಡಲೆಕಾಯಿ ಬಿಡಿಸಲು ಬರುವ ಹೆಂಗಸರಿಗೆ ಮಜ್ಜಿಗೆ ಕೊಡಲು. ಕುಡಿದವರೇ ತೊಳೆದು ಬೋರಲು ಹಾಕಿ ಹೋಗಬೇಕು. ‘ಅವನು ದೀಪಕ್ಕೆ ಮಾತು ಕೊಟ್ಟಿದ್ದಾನೆ, ಸರಿ. ನಮ್ಮನೇಲಿ ಆದರೆ ಆ ಲೋಟಕ್ಕೆ ಮಾತು ಬರಬೇಕಿತ್ತು’ ಅಂದರು ಅತ್ತೆ. ಲೋಟ ಏನಾಯಿತು ಅಂತ ಕೇಳಿದೆ. ಅವರ ಅತ್ತೆ ತೀರಿಕೊಂಡ ಮೇಲೆ ಹಳೇ ಸಾಮಾನಿನವನಿಗೆ ತೂಕಕ್ಕೆ ಹಾಕಿದರಂತೆ. ಮಾವನಿಗೆ ಹೇಳಲಿಲ್ಲವಂತೆ. ಮಾವನಿಗೆ ಗೊತ್ತಾಗಿದ್ದೂ ಕೇಳಲಿಲ್ಲವಂತೆ.

ಇತ್ತೀಚೆಗೆ ನಾನು ಬಸ್ಸಿನಲ್ಲಿ ಓದಿ ಮುಗಿಸಿದ್ದು ಅಮೆರಿಕದ ಸ್ಟೆಫ್ ಚಾ ಬರೆದ ‘ಯುವರ್ ಹೌಸ್ ವಿಲ್ ಪೇ’, 2019ರ ಕಾದಂಬರಿ. ಲಾಸ್ ಏಂಜಲೀಸಿನಲ್ಲಿ ಎರಡು ಮನೆ. ಒಂದು ಕೊರಿಯಾದಿಂದ ಬಂದವರದು, ಔಷಧಿ ಅಂಗಡಿ ಇದೆ. ಇನ್ನೊಂದು ಕರಿಯರದು. ಕೊರಿಯನ್ ಮನೆಯ ಕಿರಿಮಗಳು ಗ್ರೇಸ್ ಅಪ್ಪ ಅಮ್ಮನ ಮಾತು ಮೀರದವಳು. ಅಕ್ಕ ಮಿರಿಯಂ ಎರಡು ವರ್ಷದಿಂದ ಅಮ್ಮನ ಜೊತೆ ಮಾತು ಬಿಟ್ಟಿದ್ದಾಳೆ. ಯಾಕೆ ಅನ್ನುವುದು ಗ್ರೇಸ್‌ಗೆ ಗೊತ್ತಿಲ್ಲ, ಮನೆಯಲ್ಲಿ ಉಳಿದವರಿಗೆಲ್ಲ ಗೊತ್ತು. ಆ ಕಡೆ ಶಾನ್ ಮ್ಯಾಥ್ಯೂಸ್, 1991ರಲ್ಲಿ ಅಕ್ಕ ಏವಾಳನ್ನು ಒಬ್ಬ ಕೊರಿಯನ್ ಅಂಗಡಿಯಾಕೆ ಗುಂಡಿಟ್ಟು ಕೊಂದಾಗ ಹುಡುಗನಾಗಿದ್ದವನು. ಆ ಅಂಗಡಿಯಾಕೆ ಹೆಸರು ಬದಲಿಸಿಕೊಂಡು, ಊರಿನ ಬೇರೆ ಮೂಲೆಯಲ್ಲಿ ಮಕ್ಕಳನ್ನು ಬೆಳೆಸಿಕೊಂಡು ಇದ್ದಾಳೆ. ಅವಳೇ ಗ್ರೇಸ್‌ನ ಅಮ್ಮ. ಇಷ್ಟು ಹೇಳಿದರೆ ಪುಸ್ತಕದ ರಹಸ್ಯ ಹೇಳಿಬಿಟ್ಟ ಹಾಗೆ, ನಿಜ. ಆದರೆ ಈ ಬಗೆಯ ಕಾದಂಬರಿಯ ರುಚಿ ರಹಸ್ಯದಲ್ಲಿಲ್ಲ, ರಹಸ್ಯ ತಿಳಿದ ಮೇಲೆ ಮನೆಯೊಳಗೆ ಓಡಾಡುವುದು ಹೇಗೆ ಅನ್ನುವುದರಲ್ಲಿದೆ.

ಕಥೆಯ ಹಿಂದೆ ನಿಜವಾದ ಘಟನೆ ಇದೆ. 1991ರ ಮಾರ್ಚ್ 16ರಂದು ಲಾಸ್ ಏಂಜಲೀಸಿನಲ್ಲಿ ಲತಾಶಾ ಹಾರ್ಲಿನ್ಸ್ ಎಂಬ 15 ವರ್ಷದ ಕರಿಯ ಹುಡುಗಿ ಕಿತ್ತಳೆ ರಸದ ಬಾಟಲಿಯ ವಿಷಯಕ್ಕೆ ಅಂಗಡಿಯಾಕೆಯ ಗುಂಡಿಗೆ ಬಲಿಯಾದಳು. ಕಳ್ಳತನ ಅಂದುಕೊಂಡಳು ಅಂಗಡಿಯಾಕೆ. ಬಾಟಲಿಯ ಬೆಲೆ 1 ಡಾಲರ್ 79 ಸೆಂಟ್, ಹುಡುಗಿಯ ಕೈಯಲ್ಲಿ 2 ಡಾಲರ್ ಇತ್ತು. ತಪ್ಪು ಸಾಬೀತಾದರೂ ನ್ಯಾಯಾಲಯ ಜೈಲು ಶಿಕ್ಷೆ ಕೊಡಲಿಲ್ಲ. ಮರುವರ್ಷ ಆ ನಗರದಲ್ಲಿ ಗಲಭೆ ಎದ್ದಾಗ ಸುಟ್ಟುಹೋದ ಅಂಗಡಿಗಳಲ್ಲಿ ಕೊರಿಯನ್ನರವು ಬಹಳ.

ಅತ್ತೆಗೆ ಇದನ್ನೆಲ್ಲ ಹೇಳಲು ಒಂದು ಸಂಜೆ ಹಿಡಿಯಿತು. ಉಗ್ಗಾಣಿ, ಮೆಣಸಿನಕಾಯಿ ಬಜ್ಜಿ ಮಾಡಿದ್ದರು, ಅದೂ ಮುಗಿಯಿತು. ಅವರಿಗೆ ಮೊದಲು ಬಗೆಹರಿಯಬೇಕಾದದ್ದು, ಕೊರಿಯಾದವರೂ ಹೊರಗಿನಿಂದ ಬಂದವರೇ, ಆ ಕರಿಯರೂ ಬಿಳಿಯರ ಕೈಲಿ ನೊಂದವರೇ, ಇವರಿಬ್ಬರ ಮಧ್ಯೆ ಏನು ಅಂತ. ನಮ್ಮಲ್ಲಿ ಕೊನೆಯ ಮೆಟ್ಟಿಲಿನವನು ತನಗಿಂತ ಒಂದೇ ಮೆಟ್ಟಿಲು ಮೇಲಿನವನಿಂದ ಹೊಡೆತ ತಿನ್ನುವುದಿಲ್ಲವೇ ಅಂದೆ. ಒಪ್ಪಿದರು. ಬಣ್ಣ ಆದರೆ ಮುಖದಲ್ಲೇ ಕಾಣುತ್ತದೆ, ಬಸ್ಸಿನಲ್ಲಿ ಪೈಕಿ ಕೇಳುವ ಕಷ್ಟ ಅವರಿಗಿಲ್ಲ ಅಂತ ಸೇರಿಸಿದರು. ಆಮೇಲೆ ಪ್ರಶ್ನೆ ಬಂತು: ‘ಅಮ್ಮ ಕೊಂದವಳು ಅಂತ ಗೊತ್ತಾದ ರಾತ್ರಿ ಆ ಹುಡುಗಿ ಅಮ್ಮ ಮಾಡಿದ್ದನ್ನ ಉಂಡಳಾ?’

ನನ್ನ ಹತ್ತಿರ ತಟ್ಟನೆ ಉತ್ತರವಿರಲಿಲ್ಲ. ಪುಸ್ತಕದ ಬಗ್ಗೆ ಬಂದ ವಿಮರ್ಶೆಗಳಲ್ಲಿ ನ್ಯಾಯ, ಕ್ಷಮೆ, ಸೇಡು ಎಲ್ಲ ಇದ್ದವು. ಇದು ಇರಲಿಲ್ಲ. ಅತ್ತೆಯ ಲೆಕ್ಕದಲ್ಲಿ ಮಿರಿಯಂ ಸುಲಭದ ದಾರಿ ಹಿಡಿದವಳು, ಮನೆ ಬಿಟ್ಟು ಹೋದಳು, ಊಟದ ಪ್ರಶ್ನೆ ಮುಗಿಯಿತು. ಕಷ್ಟ ಗ್ರೇಸ್‌ದು. ಗುಂಡೇಟು ತಿಂದು ಆಸ್ಪತ್ರೆಯಲ್ಲಿರುವ ಅಮ್ಮ, ಅವಳ ಕೈಯಿಂದ ಸತ್ತ ಹುಡುಗಿ, ಇಬ್ಬರನ್ನೂ ಒಂದೇ ಎದೆಯಲ್ಲಿ ಇಟ್ಟುಕೊಂಡು ಅವಳು ಬೆಳಗ್ಗೆ ಅಂಗಡಿ ಬಾಗಿಲು ತೆಗೆಯಬೇಕು.

ನಮ್ಮ ಜಿಲ್ಲೆಯಲ್ಲಿ ಅಂಥವರು ಇಲ್ಲವೇ? ಹಿಂದೂಪುರಕ್ಕೂ ಕಲ್ಯಾಣದುರ್ಗಕ್ಕೂ ನಡುವಿನ ಪೆನುಕೊಂಡದ ಶಾಸಕರಾಗಿದ್ದ ಪರಿಟಾಲ ರವಿ 2005ರ ಜನವರಿ 24ರಂದು ಅನಂತಪುರದಲ್ಲಿ ಕೊಲೆಯಾದರು. ಅವರ ತಂದೆಯೂ ಕೊಲೆಯಾದವರೇ. ಆ ಸಂಜೆ ಊರೂರಲ್ಲಿ ಶಟರ್ ಇಳಿದವು, ಬಸ್ಸುಗಳಿಗೆ ಬೆಂಕಿ ಬಿತ್ತು. ರವಿ ಅವರ ಬಣಕ್ಕೂ ಎದುರಾಳಿ ಬಣಕ್ಕೂ ನಡುವಿನ ಲೆಕ್ಕ ಯಾವಾಗ ಶುರುವಾಯಿತು, ಯಾರ ನಂತರ ಯಾರು ಅನ್ನುವುದನ್ನು ಬೇಕಾದಷ್ಟು ಜನ ಬರೆದಿದ್ದಾರೆ, ರಾಮ್‌ಗೋಪಾಲ್ ವರ್ಮಾ 2010ರಲ್ಲಿ ‘ರಕ್ತ ಚರಿತ್ರ’ ಅಂತ ಎರಡು ಭಾಗದ ಸಿನಿಮಾವನ್ನೇ ಮಾಡಿದರು. ನನಗೆ ನೆನಪಿರುವುದು ಅತ್ತೆಯ ಬೀದಿಯ ಒಬ್ಬ ಹೆಂಗಸು. ತವರು ಒಂದು ಬಣದ ಊರು, ಗಂಡನ ಮನೆ ಇನ್ನೊಂದು ಬಣದ್ದು. ಯುಗಾದಿಗೆ ಹೋಳಿಗೆ ಮಾಡಿ ಎರಡು ಡಬ್ಬಿಗೆ ತುಂಬುತ್ತಿದ್ದರು. ಒಂದು ಮನೆಗೆ, ಇನ್ನೊಂದು ಪಕ್ಕದೂರಿನಿಂದ ಹಾಲು ತರುವವನ ಕೈಯಲ್ಲಿ ತವರಿಗೆ. ಗಂಡ ನೋಡುತ್ತಿದ್ದ, ಡಬ್ಬಿ ಎಣಿಸುತ್ತಿರಲಿಲ್ಲ. ಇಂಥವರಿಗೆ ಸಿನಿಮಾದಲ್ಲಿ ಪಾತ್ರವಿಲ್ಲ. ಇದ್ದರೆ ಆರತಿ ತಟ್ಟೆ ಹಿಡಿದು ಹೊಸಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳಬೇಕು, ಅದೂ ಹಾಡಿಗೆ ಮುಂಚೆ.

ಕನ್ನಡದಲ್ಲಿ ಈ ನೆಲದ ಗೌಡಿಕೆ, ಹೊಡೆದಾಟಗಳನ್ನು ಹತ್ತಿರದಿಂದ ಕಂಡು ಬರೆದವರು ಕುಂ. ವೀರಭದ್ರಪ್ಪ. ಆಂಧ್ರದ ವಾಗಿಲಿ ಎಂಬ ಹಳ್ಳಿಯಲ್ಲಿ ಮೇಷ್ಟರಾಗಿದ್ದವರು. ಅವರ ಆತ್ಮಕಥೆ ‘ಗಾಂಧಿ ಕ್ಲಾಸು’ ಓದಿದರೆ ಕಾದಂಬರಿಗಳಿಗೆ ಸಾಮಾನು ಎಲ್ಲಿಂದ ಬಂತು ಅನ್ನುವುದು ತಿಳಿಯುತ್ತದೆ. ತೆಲುಗಿನಲ್ಲಿ ಅನಂತಪುರದವರೇ ಆದ ಬಂಡಿ ನಾರಾಯಣಸ್ವಾಮಿ ಈ ಸೀಮೆಯ ಹಳೆಯ ಚರಿತ್ರೆ ಹಿಡಿದು ಬರೆದ ‘ಶಪ್ತಭೂಮಿ’ಗೆ 2019ರಲ್ಲಿ ಅಕಾಡೆಮಿ ಪ್ರಶಸ್ತಿ ಸಿಕ್ಕಿತು. ಇಬ್ಬರಲ್ಲೂ ಅಬ್ಬರ ಹೆಚ್ಚು, ಅದು ಈ ನೆಲದ ಗುಣ, ದೂರಲಾರೆ.

ಕಾದಂಬರಿಗೆ ಸಿಗದೆ ಉಳಿದದ್ದು ಕಂಬಾಲಪಲ್ಲಿ. ಚಿಂತಾಮಣಿ ತಾಲೂಕಿನ ಹಳ್ಳಿ, ಇಲ್ಲಿಂದ ದೂರವೇನಲ್ಲ. ನಾವು ಆಂಧ್ರದ ಕನ್ನಡಿಗರಾದರೆ ಅದು ಕರ್ನಾಟಕದ ತೆಲುಗು ಸೀಮೆ. 2000ದ ಮಾರ್ಚ್ 11ರ ರಾತ್ರಿ ಅಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. ವಿಚಾರಣೆಯಲ್ಲಿ ಸಾಕ್ಷಿಗಳು ಒಬ್ಬೊಬ್ಬರೇ ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ತಿರುಗಿಬಿದ್ದ ಸಾಕ್ಷಿ ಅನ್ನುವುದು ಕೋರ್ಟಿನ ಭಾಷೆ. ಗೊತ್ತಿಲ್ಲ ಅಂತ ಕಟಕಟೆಯಲ್ಲಿ ಹೇಳಿದವನು ಸಂಜೆ ಅದೇ ಹಳ್ಳಿಗೆ, ಅದೇ ಬೀದಿಗೆ, ಆರೋಪಿಗಳದೇ ಹೊಲದ ಕೂಲಿಗೆ ವಾಪಸ್ಸು ಹೋಗಬೇಕು. ಬಾಯಿ ಬಿಡದವರೆಲ್ಲರನ್ನೂ ನಾನು ಒಂದೇ ತಕ್ಕಡಿಯಲ್ಲಿ ಇಟ್ಟಿದ್ದರೆ ಇಲ್ಲಿ ಅದು ನಡೆಯುವುದಿಲ್ಲ. ಗಂಡ ಡಬ್ಬಿ ಎಣಿಸದೇ ಇದ್ದದ್ದು ಪ್ರೀತಿಯಿಂದ ಇರಬಹುದು. ಚೆನ್ನನ ಊರಿನವರು ಬೊಂಬಾಯಿ ಅಂದದ್ದರಲ್ಲಿ ಹೇಡಿತನವಿತ್ತು. ಇವನದು ಬರೀ ಜೀವಭಯ.

ಕಂಬಾಲಪಲ್ಲಿಯ ಸುದ್ದಿ ಬಂದಾಗ ಅತ್ತೆ ಪೇಪರು ಮಡಿಸಿಟ್ಟು ಎದ್ದು ಹೋಗಿದ್ದರು, ತೀರ್ಪು ಕೊಟ್ಟಿರಲಿಲ್ಲ. ಕಾದಂಬರಿಯ ಜನರ ಮೇಲೆ ಮಾತ್ರ ಅವರ ಅಧಿಕಾರ. ಮೊನ್ನೆ ಹೋದಾಗ ಆ ಅಧಿಕಾರವನ್ನೇ ಚಲಾಯಿಸುವ ಆಟ ಹೂಡಿದೆ. ಈ ಪುಸ್ತಕಗಳ ಜನರೆಲ್ಲ ಒಂದು ದಿನ ಕಲ್ಯಾಣದುರ್ಗಕ್ಕೆ ಬಂದು ಬಾಗಿಲು ತಟ್ಟಿದರೆ ಯಾರನ್ನು ಊಟಕ್ಕೆ ಕೂರಿಸುತ್ತೀರಿ?

ಚೆನ್ನನ ಹೆತ್ತವರಿಗೆ ಮೊದಲ ಎಲೆ, ಅದರಲ್ಲಿ ಮಾತಿಲ್ಲ. ಮಾತಂಗಿ ಒಳಗೆ ಬಂದು ಅತ್ತೆಯ ಪಕ್ಕದಲ್ಲೇ ಕೂರಬೇಕು, ಹಿತ್ತಲ ಕಡೆ ಹೋಗಬಾರದು. ಕುಸುಮ ಕೂಸು ಕರೆದುಕೊಂಡು ಬರಲಿ, ತೊಟ್ಟಿಲು ಅಟ್ಟದ ಮೇಲಿದೆ, ಇಳಿಸಿಕೊಡುವ ಕೆಲಸ ನನ್ನದು. ಸತ್ಯಭಾಮೆ ಉಣ್ಣುವಾಗ ಮಾತಾಡುವುದಿಲ್ಲ ಅಂತ ಒಪ್ಪಿಕೊಂಡರೆ ಬರಬಹುದು. ಶಾನ್‌ಗೆ ಖಾರ ಹಿಡಿಸುತ್ತದೋ ಇಲ್ಲವೋ, ಮೊಸರು ಹೆಚ್ಚಿಗೆ ಹೆಪ್ಪು ಹಾಕಬೇಕು. ಗ್ರೇಸ್ ಬರಲಿ. ಅವಳಮ್ಮ? ಅತ್ತೆ ಬಹಳ ಹೊತ್ತು ಯೋಚಿಸಿದರು. ‘ಬರಲಿ. ಆದರೆ ಶಾನ್ ಉಂಡು ಎದ್ದ ಮೇಲೆ. ಅವಳು ಬಡಿಸೋಕೆ ನಿಲ್ಲಲಿ, ಅವನು ಬೇಡ ಅಂದರೆ ಆಚೆ ಕೂತಿರಲಿ.’ ಶ್ರೀನಿವಾಸ ಬಸ್ ಸ್ಟ್ಯಾಂಡಿನಲ್ಲೇ ಇರಬೇಕು, ಅಲ್ಲಿ ಹೋಟೆಲುಗಳಿವೆ.

ಮೇಲಗಿರಿಗೌಡರ ಪರವಾಗಿ ನಾನು ವಕಾಲತ್ತು ಹಾಕಿದೆ. ಎಷ್ಟೇ ಆಗಲಿ ಆ ಕಾದಂಬರಿಯಲ್ಲಿ ಉಸಿರಾಡುವ ಮನುಷ್ಯ, ಮಾತು ಬಲ್ಲವನು, ಮುದ್ದೆಯ ರುಚಿ ಗೊತ್ತಿರುವವನು. ಅತ್ತೆ ಕೈಯಾಡಿಸಿಬಿಟ್ಟರು.

‘ಮಂತ್ರಿ ಕಣೋ ಅವನು. ಒಬ್ಬನೇ ಬರ್ತಾನಾ? ಹಿಂದೆ ಎರಡು ಜೀಪು ಜನ ಬರ್ತಾರೆ. ಅಷ್ಟು ಜನಕ್ಕೂ ಮುದ್ದೆ ತೊಳಸೋರು ಯಾರು, ನೀನಾ?’